ಅಮೆರಿಕದ ಬಾಲನ್ಯಾಯ ವ್ಯವಸ್ಥೆಯಲ್ಲಿ ಬಂಧನಕ್ಕೆ ಪರ್ಯಾಯಗಳು ಮತ್ತು ಜನಾಂಗೀಯ ಅಸಮತೆ

ಬಾಲಬಂಧನಕ್ಕೆ ಪರ್ಯಾಯಗಳು ಎಂದರೆ, ಅಪರಾಧದ ಆರೋಪಕ್ಕೆ ಒಳಗಾದ ಅಪ್ರಾಪ್ತ ವಯಸ್ಕರನ್ನು ಬೀಗ ಹಾಕಿದ ಬಂಧನಗೃಹಗಳಲ್ಲಿ ಇರಿಸುವ ಬದಲು, ಅವರು ತಮ್ಮ ಮನೆಯಲ್ಲೋ ನೆರೆಹೊರೆಯಲ್ಲೋ ಇದ್ದುಕೊಂಡೇ ನ್ಯಾಯಾಲಯದ ಮೇಲ್ವಿಚಾರಣೆಗೆ ಒಳಪಡುವಂತೆ ಮಾಡುವ ಕ್ರಮಗಳು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇವು 1990ರ ದಶಕದಿಂದ ಈಚೆಗೆ ವ್ಯಾಪಕವಾಗಿ ಬಳಕೆಗೆ ಬಂದಿವೆ. ಅಲ್ಲಿ ಈ ವಿಷಯವನ್ನು ಜನಾಂಗದ ಪ್ರಶ್ನೆಯಿಂದ ಬೇರ್ಪಡಿಸಿ ಚರ್ಚಿಸಲು ಸಾಧ್ಯವಿಲ್ಲ. 2000ನೇ ಇಸವಿಯಲ್ಲಿ ಯಾವುದೇ ಒಂದು ದಿನ ಬಂಧನಗೃಹ ಹಾಗೂ ಸುಧಾರಣಾಗೃಹಗಳಲ್ಲಿದ್ದ ಮಕ್ಕಳ ಸಂಖ್ಯೆ ಒಂದು ಲಕ್ಷವನ್ನು ಮೀರಿತ್ತು. 2020ರ ವೇಳೆಗೆ ಅದು ಸುಮಾರು 25,000ಕ್ಕೆ ಇಳಿಯಿತು. ಆದರೆ ಕಪ್ಪು ಜನಾಂಗದ ಮಕ್ಕಳು ಬಿಳಿಯ ಮಕ್ಕಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚಿನ ಪ್ರಮಾಣದಲ್ಲಿ ಬಂಧನದಲ್ಲಿರುವ ಸ್ಥಿತಿ ಈ ಅವಧಿಯಲ್ಲಿ ಬದಲಾಗಲಿಲ್ಲ. ಬಂಧನ ಕಡಿಮೆಯಾಯಿತು, ಅಂತರ ಉಳಿಯಿತು. ಈ ವೈರುಧ್ಯವೇ ಇಂದಿನ ಚರ್ಚೆಯ ಕೇಂದ್ರದಲ್ಲಿದೆ.

ಪರಿಭಾಷೆ

ಅಮೆರಿಕದ ಬಾಲನ್ಯಾಯದಲ್ಲಿ ಎರಡು ಬಗೆಯ ಬಂಧನಗಳಿವೆ. ಮೊದಲನೆಯದು ವಿಚಾರಣೆಗೆ ಮುಂಚಿನ ತಾತ್ಕಾಲಿಕ ಬಂಧನ. ಪೊಲೀಸರು ಹಿಡಿದು ತಂದ ಮಗುವನ್ನು, ಆರೋಪ ಸಾಬೀತಾಗುವ ಮೊದಲೇ, ಕೆಲವು ದಿನ ಅಥವಾ ವಾರಗಳ ಕಾಲ ಇರಿಸಿಕೊಳ್ಳುವುದು. ಕಾನೂನಿನ ದೃಷ್ಟಿಯಲ್ಲಿ ಇದು ಶಿಕ್ಷೆಯಲ್ಲ. ಮಗು ವಿಚಾರಣೆಗೆ ತಪ್ಪದೆ ಹಾಜರಾಗುವಂತೆಯೂ ಅಷ್ಟರೊಳಗೆ ಮತ್ತೊಂದು ಅಪರಾಧ ಎಸಗದಂತೆಯೂ ನೋಡಿಕೊಳ್ಳುವುದಷ್ಟೇ ಇದರ ಉದ್ದೇಶ. ಎರಡನೆಯದು, ನ್ಯಾಯಾಧೀಶರು ತಪ್ಪು ಸಾಬೀತಾಗಿದೆಯೆಂದು ನಿರ್ಣಯಿಸಿದ ಮೇಲೆ ಸುಧಾರಣಾಗೃಹಕ್ಕೆ ಕಳುಹಿಸುವುದು. ಈ ಲೇಖನ ಮುಖ್ಯವಾಗಿ ಮೊದಲನೆಯದನ್ನು ಕುರಿತದ್ದು. ಆದರೆ ಒಂದಕ್ಕೂ ಇನ್ನೊಂದಕ್ಕೂ ನಿಕಟ ಸಂಬಂಧವಿದೆ. ವಿಚಾರಣೆಗೆ ಮೊದಲು ಒಳಗಿದ್ದ ಮಗುವನ್ನು ನಿರ್ಣಯದ ನಂತರವೂ ಒಳಗೇ ಕಳುಹಿಸುವ ಸಂಭವ, ಮನೆಯಿಂದ ನ್ಯಾಯಾಲಯಕ್ಕೆ ಬಂದ ಮಗುವಿಗಿಂತ ಹೆಚ್ಚು.

ಇನ್ನೊಂದು ಪರಿಭಾಷೆಯನ್ನೂ ಇಲ್ಲಿ ವಿವರಿಸಬೇಕು. ಶಾಲೆ ತಪ್ಪಿಸುವುದು, ಮನೆ ಬಿಟ್ಟು ಓಡಿಹೋಗುವುದು, ರಾತ್ರಿಯ ನಿಷೇಧಾಜ್ಞೆ ಮೀರುವುದು ಮುಂತಾದವು ವಯಸ್ಕರು ಮಾಡಿದರೆ ಅಪರಾಧವಲ್ಲ, ಮಕ್ಕಳು ಮಾಡಿದರೆ ಅಪರಾಧ. ಇವನ್ನು 'ಸ್ಥಾನಮಾನದ ಅಪರಾಧ'ಗಳೆಂದು ಕರೆಯಲಾಗುತ್ತದೆ.

ಇತಿಹಾಸ

ಅಮೆರಿಕದ ಮೊದಲ ಬಾಲಾಶ್ರಯಗೃಹ 1825ರಲ್ಲಿ ನ್ಯೂಯಾರ್ಕಿನಲ್ಲಿ ತೆರೆಯಿತು. ವಯಸ್ಕರ ಸೆರೆಮನೆಯಿಂದ ಮಕ್ಕಳನ್ನು ಬೇರ್ಪಡಿಸುವುದು ಅದರ ಉದ್ದೇಶವಾಗಿತ್ತು. ಸುಧಾರಣೆಯ ಆಶಯದ ಇಂತಹ ಗೃಹಗಳಲ್ಲಿಯೂ ವರ್ಣಭೇದ ಆರಂಭದಿಂದಲೇ ಇತ್ತು. ಫಿಲಡೆಲ್ಫಿಯಾದಲ್ಲಿ ಕಪ್ಪು ಮಕ್ಕಳಿಗೆಂದೇ ಪ್ರತ್ಯೇಕ ಗೃಹವನ್ನು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಕಟ್ಟಲಾಯಿತು.

1899ರಲ್ಲಿ ಇಲಿನಾಯ್ ರಾಜ್ಯದ ಕುಕ್ ಕೌಂಟಿಯಲ್ಲಿ, ಅಂದರೆ ಷಿಕಾಗೋ ನಗರದಲ್ಲಿ, ಜಗತ್ತಿನ ಮೊದಲ ಬಾಲನ್ಯಾಯಾಲಯ ಸ್ಥಾಪನೆಯಾಯಿತು. (ಕೌಂಟಿ ಎಂಬುದು ನಮ್ಮ ಜಿಲ್ಲೆಗೆ ಸಮೀಪವಾದ ಆಡಳಿತ ಘಟಕ.) ಹಲ್ ಹೌಸ್‌ನ ಜೇನ್ ಆಡಮ್ಸ್, ಜೂಲಿಯಾ ಲ್ಯಾಥ್ರೋಪ್ ಹಾಗೂ ಸಮಾಜಸೇವಕಿ ಲೂಸಿ ಫ್ಲವರ್ ಇದರ ಹಿಂದಿದ್ದ ಪ್ರಮುಖರು. ರಾಜ್ಯವು ದಾರಿ ತಪ್ಪಿದ ಮಗುವಿಗೆ ತಂದೆತಾಯಿಯಂತೆ ವರ್ತಿಸಬೇಕು, ದಂಡಿಸುವ ಪ್ರಭುವಿನಂತಲ್ಲ ಎಂಬ ತತ್ತ್ವ ಅದರ ಬುನಾದಿಯಾಗಿತ್ತು. ತತ್ತ್ವ ಉದಾತ್ತವಾದದ್ದೇ. ಆದರೆ ತಂದೆತಾಯಿಯ ಸ್ಥಾನದಲ್ಲಿ ಕುಳಿತ ನ್ಯಾಯಾಧೀಶರಿಗೆ ವಕೀಲರೂ ಸಾಕ್ಷ್ಯದ ನಿಯಮಗಳೂ ಅನಗತ್ಯವೆನಿಸಿದವು. ಅರಿಜೋನಾದ ಹದಿನೈದು ವರ್ಷದ ಜೆರಾಲ್ಡ್ ಗಾಲ್ಟ್, ಅಶ್ಲೀಲ ದೂರವಾಣಿ ಕರೆ ಮಾಡಿದನೆಂಬ ಆರೋಪದ ಮೇಲೆ, ಇಪ್ಪತ್ತೊಂದು ವರ್ಷ ತುಂಬುವವರೆಗೆ ಸುಧಾರಣಾಗೃಹಕ್ಕೆ ಕಳುಹಿಸಲ್ಪಟ್ಟನು. ಅದೇ ತಪ್ಪಿಗೆ ವಯಸ್ಕರಿಗೆ ಇದ್ದ ಗರಿಷ್ಠ ಶಿಕ್ಷೆ ಐವತ್ತು ಡಾಲರ್ ದಂಡ ಅಥವಾ ಎರಡು ತಿಂಗಳ ಸೆರೆ. 1967ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಈ ಪ್ರಕರಣದಲ್ಲಿ, ಬಾಲನ್ಯಾಯಾಲಯದ ಮುಂದೆ ನಿಲ್ಲುವ ಮಗುವಿಗೂ ಆರೋಪವನ್ನು ತಿಳಿಯುವ, ವಕೀಲರನ್ನು ಹೊಂದುವ, ಸಾಕ್ಷಿಗಳನ್ನು ಪ್ರಶ್ನಿಸುವ ಹಕ್ಕುಗಳಿವೆಯೆಂದು ತೀರ್ಪಿತ್ತಿತು.

1974ರ ಬಾಲನ್ಯಾಯ ಮತ್ತು ಅಪರಾಧ ತಡೆ ಕಾಯಿದೆಯು, ಒಕ್ಕೂಟ ಸರ್ಕಾರದ ಅನುದಾನ ಬಯಸುವ ರಾಜ್ಯಗಳು ಸ್ಥಾನಮಾನದ ಅಪರಾಧಗಳಿಗಾಗಿ ಮಕ್ಕಳನ್ನು ಬಂಧನದಲ್ಲಿಡಬಾರದು, ಬಂಧಿಸಿದ ಮಕ್ಕಳನ್ನು ವಯಸ್ಕ ಕೈದಿಗಳಿಂದ ದೂರ ಇರಿಸಬೇಕು ಎಂಬ ಷರತ್ತು ವಿಧಿಸಿತು. ಆ ದಶಕದ ಅತ್ಯಂತ ದಿಟ್ಟ ಪ್ರಯೋಗ ನಡೆದದ್ದು ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ. ಅಲ್ಲಿಯ ಯುವಜನ ಸೇವಾ ಇಲಾಖೆಯ ಮುಖ್ಯಸ್ಥರಾಗಿದ್ದ ಜೆರೋಮ್ ಮಿಲ್ಲರ್, ಹಳೆಯ ಸುಧಾರಣಾಶಾಲೆಗಳನ್ನು ತಿದ್ದುವ ಪ್ರಯತ್ನಗಳು ಫಲಿಸದಿದ್ದಾಗ, 1970ರ ದಶಕದ ಮೊದಲ ವರ್ಷಗಳಲ್ಲಿ ಅವುಗಳನ್ನು ಒಂದೊಂದಾಗಿ ಮುಚ್ಚಿಸಿಯೇ ಬಿಟ್ಟರು. ಹತ್ತೊಂಬತ್ತನೆಯ ಶತಮಾನದಿಂದ ನಡೆದುಬಂದಿದ್ದ ಲೈಮನ್ ಶಾಲೆಯೂ ಅವುಗಳಲ್ಲಿ ಒಂದು. ಮಕ್ಕಳನ್ನು ಸಣ್ಣ ಗುಂಪುಮನೆಗಳಿಗೂ ಸಮುದಾಯದ ಕಾರ್ಯಕ್ರಮಗಳಿಗೂ ವರ್ಗಾಯಿಸಲಾಯಿತು. ಮಿಸ್ಸೂರಿ ರಾಜ್ಯವು 1983ರಲ್ಲಿ ಬೂನ್‌ವಿಲ್‌ನ ದೊಡ್ಡ ಸುಧಾರಣಾಶಾಲೆಯನ್ನು ಮುಚ್ಚಿ ಇದೇ ಹಾದಿ ಹಿಡಿಯಿತು.

1980 ಮತ್ತು 1990ರ ದಶಕಗಳಲ್ಲಿ ಗಾಳಿ ತಿರುಗಿತು. 1984ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮುಂದೆ ಅಪರಾಧ ಎಸಗಬಹುದೆಂಬ ಶಂಕೆಯ ಮೇಲೆ ಮಕ್ಕಳನ್ನು ವಿಚಾರಣೆಗೆ ಮುನ್ನ ಬಂಧನದಲ್ಲಿಡುವುದನ್ನು ಎತ್ತಿಹಿಡಿಯಿತು. 1995ರಲ್ಲಿ ರಾಜಕೀಯಶಾಸ್ತ್ರಜ್ಞ ಜಾನ್ ಡಿಯುಲಿಯೊ, ದಯೆ ದಾಕ್ಷಿಣ್ಯವಿಲ್ಲದ 'ಮಹಾಕ್ರೂರಿ' ಬಾಲಕರ ಪೀಳಿಗೆಯೊಂದು ಬರಲಿದೆಯೆಂದು ಭವಿಷ್ಯ ನುಡಿದರು. ಪತ್ರಿಕೆಗಳಲ್ಲೂ ದೂರದರ್ಶನದಲ್ಲೂ ಆ ಬಾಲಕನ ಚಿತ್ರ ಬಹುತೇಕ ಕಪ್ಪು ಹುಡುಗನದೇ ಆಗಿರುತ್ತಿತ್ತು. ಬಹುಪಾಲು ರಾಜ್ಯಗಳು ಮಕ್ಕಳನ್ನು ವಯಸ್ಕರ ನ್ಯಾಯಾಲಯಕ್ಕೆ ವರ್ಗಾಯಿಸುವುದನ್ನು ಸುಲಭಗೊಳಿಸಿದವು. ಭವಿಷ್ಯ ಸುಳ್ಳಾಯಿತು, ಬಾಲಾಪರಾಧದ ಪ್ರಮಾಣ ಏರುವ ಬದಲು ಇಳಿಯಿತು. ಡಿಯುಲಿಯೊ ಮುಂದೆ ತಮ್ಮ ಊಹೆ ತಪ್ಪಾಯಿತೆಂದು ಒಪ್ಪಿಕೊಂಡರು; 2012ರ ಮಿಲ್ಲರ್ ವಿರುದ್ಧ ಅಲಬಾಮಾ ಪ್ರಕರಣದಲ್ಲಿ ಮಕ್ಕಳ ಪರವಾದ ಮನವಿಗೆ ಸಹಿಯನ್ನೂ ಹಾಕಿದರು. ಆದರೆ ಆ ಭಯದಿಂದ ಹುಟ್ಟಿದ ಕಾನೂನುಗಳು ಹಲವು ರಾಜ್ಯಗಳಲ್ಲಿ ಉಳಿದುಕೊಂಡವು.

ಬಂಧನದ ಪರಿಣಾಮಗಳು

ಕೆಲವು ದಿನಗಳ ಬಂಧನದಿಂದ ಆಗುವ ಹಾನಿ ಅಲ್ಪವೆಂದು ತೋರಬಹುದು. ಆದರೆ ಶಾಲೆಯ ಹಾಜರಿ ತಪ್ಪುವುದು, ಮನೋರೋಗದ ಚಿಕಿತ್ಸೆ ನಡುವೆಯೇ ನಿಲ್ಲುವುದು, ಹೆಚ್ಚು ಗಂಭೀರ ಆರೋಪ ಹೊತ್ತ ಹಿರಿಯ ಹುಡುಗರ ಸಹವಾಸ, ಮನೆಯವರಿಂದ ದೂರವಾಗುವುದು ಇವೆಲ್ಲ ಒಟ್ಟಿಗೆ ಸಂಭವಿಸುತ್ತವೆ. ಅರ್ಥಶಾಸ್ತ್ರಜ್ಞರಾದ ಆನಾ ಐಜರ್ ಮತ್ತು ಜೋಸೆಫ್ ಡಾಯ್ಲ್ 2015ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದಲ್ಲಿ ಬಹಳ ಉಲ್ಲೇಖಗೊಳ್ಳುತ್ತದೆ. ಷಿಕಾಗೋದ 35,000ಕ್ಕೂ ಹೆಚ್ಚು ಮಕ್ಕಳ ಪ್ರಕರಣಗಳನ್ನು ಅವರು ಪರಿಶೀಲಿಸಿದರು. ಅಲ್ಲಿ ಯಾವ ಪ್ರಕರಣ ಯಾವ ನ್ಯಾಯಾಧೀಶರ ಮುಂದೆ ಬರುತ್ತದೆಂಬುದು ಬಹುಮಟ್ಟಿಗೆ ಆಕಸ್ಮಿಕ. ಕೆಲವು ನ್ಯಾಯಾಧೀಶರು ಕಠಿಣ, ಕೆಲವರು ಮೃದು. ಹೀಗಾಗಿ ಒಂದೇ ಬಗೆಯ ಹಿನ್ನೆಲೆಯ ಮಕ್ಕಳಲ್ಲಿ ಕೆಲವರು ಒಳಗೆ ಹೋದರು, ಕೆಲವರು ಹೊರಗುಳಿದರು. ಒಳಗೆ ಹೋದವರು ಪ್ರೌಢಶಾಲೆ ಮುಗಿಸುವ ಸಂಭವ ಗಣನೀಯವಾಗಿ ಕಡಿಮೆಯಾಗಿತ್ತು, ವಯಸ್ಕರಾದ ಮೇಲೆ ಸೆರೆಮನೆ ಸೇರುವ ಸಂಭವ ಗಣನೀಯವಾಗಿ ಹೆಚ್ಚಿತ್ತು. ಅಪರಾಧ ತಡೆಯಲೆಂದು ಮಾಡಿದ ಕ್ರಮವೇ ಅಪರಾಧವನ್ನು ಬೆಳೆಸುತ್ತದೆಂಬ ವಾದಕ್ಕೆ ಇದು ಬಲವಾದ ಆಧಾರವಾಯಿತು.

ವೆಚ್ಚದ ಪ್ರಶ್ನೆಯೂ ಇದೆ. ಜಸ್ಟಿಸ್ ಪಾಲಿಸಿ ಇನ್‌ಸ್ಟಿಟ್ಯೂಟ್ 2020ರಲ್ಲಿ ಮಾಡಿದ ಲೆಕ್ಕದ ಪ್ರಕಾರ ಒಂದು ಮಗುವನ್ನು ಭದ್ರ ಗೃಹದಲ್ಲಿ ಇರಿಸಲು ರಾಜ್ಯಗಳು ಸರಾಸರಿ ದಿನಕ್ಕೆ 588 ಡಾಲರ್, ವರ್ಷಕ್ಕೆ 2,14,000 ಡಾಲರಿಗೂ ಹೆಚ್ಚು ವೆಚ್ಚ ಮಾಡುತ್ತಿದ್ದವು.

ಜನಾಂಗೀಯ ಅಸಮತೆ

ಅಸಮತೆಯನ್ನು ಅಳೆಯಲು 'ಸಾಪೇಕ್ಷ ಪ್ರಮಾಣ ಸೂಚಿ'ಯನ್ನು ಬಳಸುತ್ತಾರೆ. ಪೊಲೀಸರಿಂದ ಹಿಡಿಯಲ್ಪಟ್ಟ ಸಾವಿರ ಬಿಳಿಯ ಮಕ್ಕಳಲ್ಲಿ 200 ಮಂದಿಯನ್ನೂ, ಸಾವಿರ ಕಪ್ಪು ಮಕ್ಕಳಲ್ಲಿ 400 ಮಂದಿಯನ್ನೂ ಬಂಧನದಲ್ಲಿ ಇಟ್ಟರೆಂದು ಭಾವಿಸಿದರೆ, ಆ ಹಂತದ ಸೂಚಿ 2 ಆಗುತ್ತದೆ. ದಸ್ತಗಿರಿ, ನ್ಯಾಯಾಲಯಕ್ಕೆ ಒಪ್ಪಿಸುವುದು, ಎಚ್ಚರಿಕೆ ನೀಡಿ ಬಿಡುವುದು, ಬಂಧನ, ಆರೋಪಪಟ್ಟಿ, ನಿರ್ಣಯ, ಸುಧಾರಣಾಗೃಹ, ವಯಸ್ಕರ ನ್ಯಾಯಾಲಯಕ್ಕೆ ವರ್ಗಾವಣೆ ಹೀಗೆ ಪ್ರತಿ ಹಂತಕ್ಕೂ ಬೇರೆ ಬೇರೆ ಸೂಚಿ ತೆಗೆಯುತ್ತಾರೆ. ಒಂದೊಂದು ಹಂತದಲ್ಲಿ ಅಂತರ ಸಣ್ಣದಾಗಿದ್ದರೂ ಹಂತದಿಂದ ಹಂತಕ್ಕೆ ಅದು ಗುಣಿಸುತ್ತಾ ಹೋಗುತ್ತದೆ. ಯಾವ ಒಬ್ಬ ಅಧಿಕಾರಿಯೂ ತಾನು ಭೇದ ಮಾಡಿದೆನೆಂದು ಭಾವಿಸದಿದ್ದರೂ ಕೊನೆಯ ಬಾಗಿಲಿನ ಒಳಗಿರುವ ಮಕ್ಕಳಲ್ಲಿ ಕಪ್ಪು ಮುಖಗಳೇ ಹೆಚ್ಚಾಗಿರಲು ಇದು ಒಂದು ಕಾರಣ.

ಒಕ್ಕೂಟ ಶಾಸನದಲ್ಲಿ ಈ ವಿಷಯ ಮೊದಲು ಕಾಣಿಸಿಕೊಂಡದ್ದು 1988ರಲ್ಲಿ. 1974ರ ಕಾಯಿದೆಗೆ ತಂದ ತಿದ್ದುಪಡಿಯು ಅಲ್ಪಸಂಖ್ಯಾತ ಮಕ್ಕಳ ಅನುಪಾತ ಮೀರಿದ ಬಂಧನದತ್ತ ರಾಜ್ಯಗಳು ಗಮನ ಹರಿಸಬೇಕೆಂದಿತು. 1992ರಲ್ಲಿ ಇದನ್ನು ಕಾಯಿದೆಯ ಮೂಲ ಷರತ್ತುಗಳ ಸಾಲಿಗೆ ಸೇರಿಸಲಾಯಿತು. 2002ರಲ್ಲಿ 'ಬಂಧನ' ಎಂಬ ಪದದ ಸ್ಥಾನದಲ್ಲಿ 'ಸಂಪರ್ಕ' ಎಂಬ ಪದ ಬಂದು, ದಸ್ತಗಿರಿಯಿಂದ ಆರಂಭಿಸಿ ಎಲ್ಲ ಹಂತಗಳೂ ಷರತ್ತಿನ ವ್ಯಾಪ್ತಿಗೆ ಬಂದವು. 2018ರ ಬಾಲನ್ಯಾಯ ಸುಧಾರಣಾ ಕಾಯಿದೆಯು 'ಜನಾಂಗೀಯ ಮತ್ತು ಬುಡಕಟ್ಟು ಅಸಮತೆ' ಎಂಬ ಅರ್ಥದ ನೇರ ಪದಗಳನ್ನು ಬಳಸಿತು. ಪದಗಳು ಬದಲಾದಷ್ಟು ವೇಗವಾಗಿ ಅಂಕಿಗಳು ಬದಲಾಗಲಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು.

ಅಸಮತೆಯ ಕಾರಣಗಳ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಬಡತನ, ನೆರೆಹೊರೆಯ ಸ್ಥಿತಿ ಮೊದಲಾದ ಕಾರಣಗಳಿಂದ ಕೆಲವು ಗಂಭೀರ ಅಪರಾಧಗಳ ಪ್ರಮಾಣದಲ್ಲಿಯೇ ವ್ಯತ್ಯಾಸವಿದೆಯೆಂದು ಕೆಲವರು ವಾದಿಸುತ್ತಾರೆ. ಅಪರಾಧದ ಗಾಂಭೀರ್ಯ, ಹಿಂದಿನ ದಾಖಲೆ ಇವನ್ನು ಸರಿದೂಗಿಸಿದ ಮೇಲೂ ಅಂತರ ಪೂರ್ಣವಾಗಿ ಅಳಿಯುವುದಿಲ್ಲವೆಂದು ಹಲವು ಅಧ್ಯಯನಗಳು ತೋರಿಸಿವೆ. ಎರಡೂ ಮಾತುಗಳಲ್ಲಿ ಸತ್ಯಾಂಶವಿದೆ. ಪೊಲೀಸರು ಎಲ್ಲಿ ಹೆಚ್ಚು ಸುತ್ತುತ್ತಾರೋ ಅಲ್ಲಿ ದಾಖಲೆಗಳೂ ಹೆಚ್ಚು ಹುಟ್ಟುತ್ತವೆ. ಆ ದಾಖಲೆಯೇ ಮುಂದಿನ ನಿರ್ಧಾರಕ್ಕೆ ಆಧಾರವಾಗುತ್ತದೆ.

ನಿರ್ಧಾರ ಕೈಗೊಳ್ಳುವವರ ಮನಸ್ಸಿನಲ್ಲಿ ಏನು ನಡೆಯುತ್ತದೆಂಬುದನ್ನು ಜಾರ್ಜ್ ಬ್ರಿಡ್ಜಸ್ ಮತ್ತು ಸಾರಾ ಸ್ಟೀನ್ 1998ರಲ್ಲಿ ಪ್ರಕಟಿಸಿದ ಸಂಶೋಧನೆ ಬೆಳಕಿಗೆ ತಂದಿತು. ಪಶ್ಚಿಮದ ರಾಜ್ಯವೊಂದರ ಪ್ರೊಬೇಷನ್ ಅಧಿಕಾರಿಗಳು ಬರೆದ ವರದಿಗಳನ್ನು ಅವರು ಓದಿದರು. ಬಿಳಿಯ ಮಗುವಿನ ತಪ್ಪಿಗೆ ಮನೆಯ ತೊಂದರೆ, ಕೆಟ್ಟ ಸಹವಾಸ ಮುಂತಾದ ಹೊರಗಿನ ಕಾರಣಗಳನ್ನು ಬರೆಯುವ ಅಧಿಕಾರಿಗಳು, ಕಪ್ಪು ಮಗುವಿನ ತಪ್ಪಿಗೆ ಅದರ ಸ್ವಭಾವ ಮತ್ತು ಮನೋಭಾವವನ್ನು ಕಾರಣವಾಗಿ ಬರೆಯುವ ಪ್ರವೃತ್ತಿ ಕಂಡುಬಂತು. ತಪ್ಪು ಸ್ವಭಾವದಲ್ಲಿಯೇ ಇದೆಯೆಂದು ನಂಬಿದ ಮೇಲೆ ಮಗು ಮತ್ತೆ ತಪ್ಪು ಮಾಡುತ್ತದೆಂಬ ತೀರ್ಮಾನಕ್ಕೆ ಬರುವುದು ಸಹಜ. ಫಿಲಿಪ್ ಗಾಫ್ ಮತ್ತು ಸಂಗಡಿಗರ 2014ರ ಅಧ್ಯಯನವು, ಹತ್ತು ವರ್ಷ ದಾಟಿದ ಕಪ್ಪು ಬಾಲಕರನ್ನು ಜನರು ವಾಸ್ತವಕ್ಕಿಂತ ದೊಡ್ಡವರೆಂದೂ ಕಡಿಮೆ ಮುಗ್ಧರೆಂದೂ ಭಾವಿಸುತ್ತಾರೆಂದು ತೋರಿಸಿತು.

ಬಾಲಬಂಧನ ಪರ್ಯಾಯ ಉಪಕ್ರಮ

ಇಂದು ಬಳಕೆಯಲ್ಲಿರುವ ವಿಧಾನಗಳ ಮೂಲ ಫ್ಲಾರಿಡಾದ ಬ್ರೋವರ್ಡ್ ಕೌಂಟಿಯಲ್ಲಿದೆ. ಅಲ್ಲಿಯ ಬಂಧನಗೃಹ ಕಿಕ್ಕಿರಿದು ತುಂಬಿ ಮೊಕದ್ದಮೆಗೆ ಗುರಿಯಾದಾಗ, 1980ರ ದಶಕದ ಕೊನೆಯಲ್ಲಿ, ಯಾವ ಮಗುವನ್ನು ಒಳಗೆ ಬಿಟ್ಟುಕೊಳ್ಳಬೇಕೆಂಬ ನಿರ್ಧಾರವನ್ನೇ ಪರಿಶೀಲನೆಗೆ ಒಳಪಡಿಸಲಾಯಿತು. ಅಪಾಯಕಾರಿಯಲ್ಲದ ಅನೇಕ ಮಕ್ಕಳು ಒಳಗಿದ್ದರು. ಅವರನ್ನು ಮನೆಗೆ ಕಳುಹಿಸಿದ್ದರಿಂದ ಊರಿನ ಸುರಕ್ಷತೆಗೆ ಧಕ್ಕೆ ಬರಲಿಲ್ಲ.

ಈ ಅನುಭವದ ಆಧಾರದ ಮೇಲೆ ಆನಿ ಇ. ಕೇಸಿ ಪ್ರತಿಷ್ಠಾನವು 1992ರಲ್ಲಿ 'ಬಾಲಬಂಧನ ಪರ್ಯಾಯ ಉಪಕ್ರಮ'ವನ್ನು ಆರಂಭಿಸಿತು. ಈ ಪ್ರತಿಷ್ಠಾನವನ್ನು 1948ರಲ್ಲಿ ಯುಪಿಎಸ್ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಜಿಮ್ ಕೇಸಿ ಮತ್ತು ಅವರ ಒಡಹುಟ್ಟಿದವರು ತಾಯಿಯ ಹೆಸರಿನಲ್ಲಿ ಸ್ಥಾಪಿಸಿದ್ದರು. ಷಿಕಾಗೋದ ಕುಕ್ ಕೌಂಟಿ, ಪೋರ್ಟ್‌ಲ್ಯಾಂಡ್ ನಗರವಿರುವ ಮಲ್ಟ್‌ನೋಮಾ ಕೌಂಟಿ, ಸ್ಯಾಕ್ರಮೆಂಟೊ, ಮಿಲ್ವಾಕೀ ಮತ್ತು ನ್ಯೂಯಾರ್ಕ್ ನಗರ ಮೊದಲ ಐದು ಪ್ರಯೋಗಸ್ಥಳಗಳು. ಇವುಗಳಲ್ಲಿ ಮೊದಲ ಮೂರು ಮಾತ್ರ ಪ್ರಯೋಗವನ್ನು ಕೊನೆಯವರೆಗೆ ನಡೆಸಿದವು. ಮುಂದೆ ಉಪಕ್ರಮವು ಮೂವತ್ತೈದಕ್ಕೂ ಹೆಚ್ಚು ರಾಜ್ಯಗಳ ನೂರಾರು ಕೌಂಟಿಗಳಿಗೆ ಹರಡಿತು.

ಉಪಕ್ರಮದಲ್ಲಿ ಎಂಟು ಕಾರ್ಯತಂತ್ರಗಳಿವೆ. ನ್ಯಾಯಾಧೀಶರು, ಪೊಲೀಸರು, ಪ್ರೊಬೇಷನ್ ಇಲಾಖೆ, ಸರ್ಕಾರಿ ವಕೀಲರು, ಬಡವರ ಪರ ವಕೀಲರು ಮತ್ತು ಸಮುದಾಯದವರು ಒಂದೇ ಮೇಜಿನ ಸುತ್ತ ಕುಳಿತುಕೊಳ್ಳುವುದು ಅವುಗಳಲ್ಲಿ ಮೊದಲನೆಯದು. ನಿಖರವಾದ ಅಂಕಿ ಅಂಶ, ವಸ್ತುನಿಷ್ಠ ಪ್ರವೇಶಮಾನದಂಡ, ಬಂಧನವಲ್ಲದ ಮೇಲ್ವಿಚಾರಣೆ, ಪ್ರಕರಣಗಳ ಶೀಘ್ರ ವಿಲೇವಾರಿ, ವಾರಂಟ್ ಹಾಗೂ ಷರತ್ತು ಉಲ್ಲಂಘನೆಯಂತಹ ವಿಶೇಷ ಪ್ರಕರಣಗಳ ನಿರ್ವಹಣೆ, ಜನಾಂಗೀಯ ಅಸಮತೆಯ ನಿವಾರಣೆ, ಬಂಧನಗೃಹದ ಸ್ಥಿತಿಗತಿಗಳ ಸುಧಾರಣೆ ಉಳಿದವು.

ಅಸಮತೆಯ ವಿಷಯದಲ್ಲಿ ಮಲ್ಟ್‌ನೋಮಾ ಕೌಂಟಿಯ ಕೆಲಸ ಎಲ್ಲಕ್ಕಿಂತ ಬೋಧಪ್ರದವಾದದ್ದು. ಅಲ್ಲಿಯ ಅಧಿಕಾರಿಗಳು, ದಸ್ತಗಿರಿಯಾದ ಮಗುವನ್ನು ಬಿಡಬೇಕೋ ಇರಿಸಿಕೊಳ್ಳಬೇಕೋ ಎಂದು ನಿರ್ಧರಿಸುವ ಅಂಕಪಟ್ಟಿಯ ಒಂದೊಂದು ಸಾಲನ್ನೂ, ಇದು ನಿಜವಾಗಿ ಅಪಾಯವನ್ನು ಅಳೆಯುತ್ತದೆಯೇ ಅಥವಾ ಬಡತನವನ್ನು ಅಳೆಯುತ್ತದೆಯೇ ಎಂದು ಪರೀಕ್ಷಿಸಿದರು. 'ಉತ್ತಮ ಕುಟುಂಬ ರಚನೆ' ಎಂಬ ಅಂಶವಿತ್ತು. ಒಂಟಿ ತಾಯಿಯೋ ಅಜ್ಜಿಯೋ ಸಾಕುತ್ತಿರುವ ಮಗುವಿಗೆ ಅದರಿಂದ ಅಂಕ ತಪ್ಪುತ್ತಿತ್ತು. ಅದರ ಬದಲು, ಮಗುವನ್ನು ನ್ಯಾಯಾಲಯಕ್ಕೆ ಕರೆತರುವ ಹೊಣೆ ಹೊರಲು ಸಿದ್ಧರಿರುವ ವಯಸ್ಕರೊಬ್ಬರು ಇದ್ದಾರೆಯೇ ಎಂಬ ಪ್ರಶ್ನೆ ಬಂತು. ಶಾಲೆಗೆ ಹೋಗುತ್ತಾನೆಯೇ ಎಂಬುದರ ಜಾಗದಲ್ಲಿ ಕೆಲಸ, ತರಬೇತಿಗಳನ್ನೂ ಒಳಗೊಳ್ಳುವ ವಿಶಾಲವಾದ ಪ್ರಶ್ನೆಯನ್ನು ಇಡಲಾಯಿತು. ಗುಂಪುಗಳೊಂದಿಗಿನ ನಂಟು ಎಂಬ ಅಂಶವನ್ನು ಕೈಬಿಡಲಾಯಿತು, ಏಕೆಂದರೆ ಯಾವ ಬಡಾವಣೆಯ ಹುಡುಗರಿಗೆ ಆ ಹಣೆಪಟ್ಟಿ ಅಂಟುತ್ತದೆಂಬುದು ಮೊದಲೇ ತಿಳಿದ ಸಂಗತಿ. 1990ರ ದಶಕದ ಆರಂಭದಲ್ಲಿ ದಸ್ತಗಿರಿಯಾದ ಬಿಳಿಯ ಮಕ್ಕಳು ಮತ್ತು ಇತರ ಮಕ್ಕಳು ಬಂಧನಕ್ಕೊಳಗಾಗುವ ಪ್ರಮಾಣದ ನಡುವೆ ಇದ್ದ ದೊಡ್ಡ ಅಂತರ 2000ದ ವೇಳೆಗೆ ಹೆಚ್ಚುಕಡಿಮೆ ಮುಚ್ಚಿಹೋಯಿತು.

ಕುಕ್ ಕೌಂಟಿಯು 1995ರಿಂದ 'ಸಂಜೆಯ ಹಾಜರಿ ಕೇಂದ್ರ'ಗಳನ್ನು ತೆರೆಯಿತು. ಶಾಲೆ ಬಿಟ್ಟ ಮೇಲಿನ ಸಂಜೆಯ ಹೊತ್ತು ಹುಡುಗರು ತೊಂದರೆಗೆ ಸಿಕ್ಕಿಕೊಳ್ಳುವ ಹೊತ್ತು. ಆ ಹೊತ್ತಿನಲ್ಲಿ ಅವರನ್ನು ವಾಹನದಲ್ಲಿ ಕರೆತಂದು, ಪಾಠ ಹೇಳಿ, ಆಟವಾಡಿಸಿ, ರಾತ್ರಿಯ ಊಟ ಕೊಟ್ಟು ಮನೆಗೆ ಬಿಡುವುದು ಈ ಕೇಂದ್ರಗಳ ಕೆಲಸ. ಅವು ನ್ಯಾಯಾಲಯದ ಆವರಣದಲ್ಲಿಲ್ಲ. ಮಕ್ಕಳು ಹೆಚ್ಚಾಗಿ ಬರುವ ಬಡಾವಣೆಗಳಲ್ಲಿಯೇ, ಸ್ಥಳೀಯ ಸಂಸ್ಥೆಗಳ ಕೈಯಲ್ಲಿವೆ. ವಿಚಾರಣೆಯ ದಿನವನ್ನು ಮುಂಚಿತವಾಗಿ ದೂರವಾಣಿಯಲ್ಲಿ ನೆನಪಿಸುವ ಏರ್ಪಾಡನ್ನೂ ಅಲ್ಲಿ ಮಾಡಲಾಯಿತು. ಗೈರುಹಾಜರಿಯ ವಾರಂಟ್ ಮೇಲೆ ಒಳಗೆ ಬರುತ್ತಿದ್ದ ಮಕ್ಕಳಲ್ಲಿ ದಿನ ಮರೆತವರೂ ಬಸ್ ಸಿಗದವರೂ ಅನೇಕರಿದ್ದರು.

ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಸ್ ಕೌಂಟಿಯಲ್ಲಿ ಸಮಸ್ಯೆ ಭಾಷೆಯದಾಗಿತ್ತು. ಲ್ಯಾಟಿನೊ ಮಕ್ಕಳ ತಂದೆತಾಯಂದಿರಿಗೆ ಇಂಗ್ಲಿಷ್ ಬಾರದು, ಪ್ರೊಬೇಷನ್ ಇಲಾಖೆಯಲ್ಲಿ ಸ್ಪ್ಯಾನಿಷ್ ಬಲ್ಲವರು ಸಾಲದು. ಮನೆಯವರೊಂದಿಗೆ ಮಾತೇ ಆಗದಿದ್ದಾಗ ಮಗುವನ್ನು ಇಟ್ಟುಕೊಳ್ಳುವುದೇ ಸುಲಭವೆನಿಸುತ್ತಿತ್ತು. ಸ್ಪ್ಯಾನಿಷ್ ಬಲ್ಲ ಸಿಬ್ಬಂದಿಯನ್ನು ನೇಮಿಸಿಕೊಂಡು, ಪ್ರತಿ ಹಂತದ ಅಂಕಿಗಳನ್ನು ಜನಾಂಗವಾರು ಬರೆದಿಡಲು ತೊಡಗಿದ ಮೇಲೆ ಬಂಧನದಲ್ಲಿದ್ದ ಲ್ಯಾಟಿನೊ ಮಕ್ಕಳ ಪಾಲು ಇಳಿಯಿತು. ನ್ಯಾಯವಾದಿ ಜೇಮ್ಸ್ ಬೆಲ್ ಸ್ಥಾಪಿಸಿದ ಡಬ್ಲ್ಯೂ. ಹೇವುಡ್ ಬರ್ನ್ಸ್ ಸಂಸ್ಥೆಯು ಇದೇ ಬಗೆಯ ಪರಿಶೀಲನೆಯನ್ನು ಇತರ ಕೌಂಟಿಗಳಲ್ಲಿ ನಡೆಸಿದೆ.

ಇತರ ಮಾರ್ಗಗಳು

ಬಂಧನದ ಬಾಗಿಲಿಗೆ ಬರುವ ಮೊದಲೇ ಮಕ್ಕಳನ್ನು ಬೇರೆ ದಾರಿಗೆ ತಿರುಗಿಸುವ ಕ್ರಮಗಳೂ ಇವೆ. ಜಾರ್ಜಿಯಾದ ಕ್ಲೇಟನ್ ಕೌಂಟಿಯಲ್ಲಿ ಬಾಲನ್ಯಾಯಾಧೀಶ ಸ್ಟೀವನ್ ಟೆಸ್ಕಿ ಅವರು 2004ರಲ್ಲಿ ಶಾಲೆಗಳು ಮತ್ತು ಪೊಲೀಸರ ನಡುವೆ ಒಪ್ಪಂದ ಮಾಡಿಸಿದರು. ತರಗತಿಯ ಜಗಳ, ಗದ್ದಲಗಳಿಗೆ ಮೊದಲು ಎಚ್ಚರಿಕೆ, ನಂತರ ತರಬೇತಿ, ಕೊನೆಗಷ್ಟೇ ನ್ಯಾಯಾಲಯ. ಶಾಲೆಗಳಿಂದ ನ್ಯಾಯಾಲಯಕ್ಕೆ ಬರುವ ಪ್ರಕರಣಗಳು ತೀವ್ರವಾಗಿ ಇಳಿದವು. ಹಿಂದೆ ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಮುಗಿಯುತ್ತಿದ್ದ ಸಂಗತಿಗಳು ಮತ್ತೆ ಅಲ್ಲಿಗೇ ಮರಳಿದವೆಂದು ಹೇಳಬಹುದು.

ಪುನಃಸ್ಥಾಪಕ ನ್ಯಾಯದಲ್ಲಿ ತಪ್ಪು ಮಾಡಿದವನು, ನೊಂದವರು ಮತ್ತು ಇಬ್ಬರ ಮನೆಯವರು ಎದುರುಬದುರು ಕುಳಿತು ಹಾನಿಯನ್ನು ಹೇಗೆ ಸರಿಪಡಿಸಬೇಕೆಂದು ತೀರ್ಮಾನಿಸುತ್ತಾರೆ. ಇದಕ್ಕೆ ಮುಖ್ಯ ಪ್ರೇರಣೆ ನ್ಯೂಜಿಲೆಂಡಿನ 1989ರ ಕಾಯಿದೆ. ಅದು ಮಾವೊರಿ ಜನರ ಒತ್ತಾಯದಿಂದ ಕುಟುಂಬ ಸಭೆಗಳನ್ನು ಬಾಲನ್ಯಾಯದ ಕೇಂದ್ರಕ್ಕೆ ತಂದಿತು. ಕ್ಯಾಲಿಫೋರ್ನಿಯಾದಲ್ಲಿ ಈ ವಿಧಾನವನ್ನು ಬೆಳೆಸಿದವರಲ್ಲಿ ಭಾರತೀಯ ಮೂಲದ ನ್ಯಾಯವಾದಿ ಸುಜಾತಾ ಬಾಳಿಗಾ ಪ್ರಮುಖರು. ಅವರಿಗೆ 2019ರಲ್ಲಿ ಮ್ಯಾಕ್‌ಆರ್ಥರ್ ಫೆಲೋಶಿಪ್ ದೊರೆಯಿತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚೀಟಿ ಎತ್ತುವಂತೆ ಯಾದೃಚ್ಛಿಕವಾಗಿ ಮಕ್ಕಳನ್ನು ಆರಿಸಿ ನಡೆಸಿದ ಅಧ್ಯಯನವೊಂದರಲ್ಲಿ, ಈ ಮಾರ್ಗಕ್ಕೆ ಕಳುಹಿಸಲ್ಪಟ್ಟವರು ಆರು ತಿಂಗಳೊಳಗೆ ಮತ್ತೆ ದಸ್ತಗಿರಿಯಾಗುವ ಸಂಭವ ಉಳಿದವರಿಗಿಂತ ಶೇ. 44ರಷ್ಟು ಕಡಿಮೆ ಇತ್ತು.

ಗಂಭೀರ ಪ್ರಕರಣಗಳಿಗಾಗಿ ಮನೆಗೇ ಬಂದು ಇಡೀ ಕುಟುಂಬದೊಂದಿಗೆ ಕೆಲಸ ಮಾಡುವ ಬಹುವ್ಯವಸ್ಥಾ ಚಿಕಿತ್ಸೆ, ಕುಟುಂಬ ಚಿಕಿತ್ಸೆಗಳಿವೆ. ನ್ಯೂಯಾರ್ಕ್ ರಾಜ್ಯವು 2012ರಲ್ಲಿ ನಗರದ ಮಕ್ಕಳನ್ನು ದೂರದ ಸುಧಾರಣಾಗೃಹಗಳಿಂದ ಮನೆಯ ಸಮೀಪದ ಸಣ್ಣ ಗೃಹಗಳಿಗೆ ತಂದಿತು. ಕ್ಯಾಲಿಫೋರ್ನಿಯಾ ತನ್ನ ರಾಜ್ಯಮಟ್ಟದ ಬಾಲ ಸೆರೆಮನೆಗಳ ವಿಭಾಗವನ್ನು 2023ರ ಜೂನ್ 30ರಂದು ಮುಚ್ಚಿತು.

ಟೀಕೆಗಳು

ಪರ್ಯಾಯಗಳ ವಿರುದ್ಧದ ಮುಖ್ಯ ಆಕ್ಷೇಪವು 'ಬಲೆ ಹಿಗ್ಗುವುದು' ಎಂಬುದಾಗಿದೆ. ಹಿಂದೆ ಗದರಿಸಿ ಬಿಡುತ್ತಿದ್ದ ಮಗುವಿಗೂ ಈಗ, ಕಾರ್ಯಕ್ರಮವೊಂದು ಇದೆಯೆಂಬ ಕಾರಣಕ್ಕೆ, ಕಾಲಿಗೆ ವಿದ್ಯುನ್ಮಾನ ಕಡಗ ತೊಡಿಸಲಾಗುತ್ತದೆ. ಕಡಗದ ಬ್ಯಾಟರಿ ಮುಗಿದರೂ, ಬಸ್ಸು ತಡವಾದರೂ ಷರತ್ತಿನ ಉಲ್ಲಂಘನೆ. ಮೂಲ ತಪ್ಪಿಗೆ ಬಂಧನವಾಗದವನು ಉಲ್ಲಂಘನೆಗಾಗಿ ಬಂಧನಕ್ಕೆ ಹೋಗುತ್ತಾನೆ. ಅಂಕಪಟ್ಟಿಗಳು ಹಿಂದಿನ ದಸ್ತಗಿರಿಗಳಿಗೆ ಅಂಕ ಕೊಡುವುದರಿಂದ ಹಳೆಯ ಪಕ್ಷಪಾತಕ್ಕೆ ಗಣಿತದ ವೇಷ ತೊಡಿಸುತ್ತವೆಯೆಂಬ ಟೀಕೆಯೂ ಇದೆ.

ಬಂಧನ ಇಳಿದಂತೆ ಅನುಪಾತ ಏರುವ ಸಮಸ್ಯೆಯನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯಬಹುದು. ಒಂದು ಲಕ್ಷಕ್ಕೆ 100 ಬಿಳಿಯ ಮಕ್ಕಳೂ 400 ಕಪ್ಪು ಮಕ್ಕಳೂ ಬಂಧನದಲ್ಲಿದ್ದರೆ ಅನುಪಾತ 4. ಸುಧಾರಣೆಯ ನಂತರ ಅವು 40 ಮತ್ತು 200 ಆದರೆ, ಕಪ್ಪು ಮಕ್ಕಳಲ್ಲಿ 200 ಮಂದಿ ಹೊರಗುಳಿದರು, ಆದರೆ ಅನುಪಾತ 5 ಆಯಿತು. ಬಿಡುಗಡೆಯ ಲಾಭ ಮೊದಲು ತಲುಪುವುದು ಹಗುರವಾದ ದಾಖಲೆ, ಖಾಸಗಿ ವಕೀಲ ಮತ್ತು ರಜೆ ಪಡೆದು ನ್ಯಾಯಾಲಯಕ್ಕೆ ಬರಬಲ್ಲ ಪೋಷಕರು ಇರುವ ಮಕ್ಕಳಿಗೆ. ಆದುದರಿಂದ ಸಂಖ್ಯೆಯನ್ನು ಇಳಿಸುವ ಕೆಲಸವೂ ಅಂತರವನ್ನು ಇಳಿಸುವ ಕೆಲಸವೂ ಬೇರೆ ಬೇರೆ ಎಂದು ಬರ್ನ್ಸ್ ಸಂಸ್ಥೆಯಂತಹವು ವಾದಿಸುತ್ತವೆ.

ಬಂಧನದ ದುರುಪಯೋಗ ಕಪ್ಪು ಮಕ್ಕಳಿಗಷ್ಟೇ ಸೀಮಿತವಲ್ಲ. ಬಹುಪಾಲು ಬಿಳಿಯರೇ ವಾಸಿಸುವ ಪೆನ್ಸಿಲ್ವೇನಿಯಾದ ಲುಜರ್ನ್ ಕೌಂಟಿಯಲ್ಲಿ ಮಾರ್ಕ್ ಸಿಯವರೆಲ್ಲಾ ಮತ್ತು ಮೈಕೇಲ್ ಕೊನಹನ್ ಎಂಬ ಇಬ್ಬರು ನ್ಯಾಯಾಧೀಶರು, ಖಾಸಗಿ ಬಂಧನಗೃಹಗಳಿಗೆ ಸಂಬಂಧಿಸಿದವರಿಂದ ಸುಮಾರು 28 ಲಕ್ಷ ಡಾಲರ್ ಪಡೆದ ಪ್ರಕರಣ 2009ರಲ್ಲಿ ಬಯಲಾಯಿತು. ಸಣ್ಣ ತಪ್ಪುಗಳಿಗಾಗಿ ಮಕ್ಕಳನ್ನು, ಅನೇಕ ವೇಳೆ ವಕೀಲರಿಲ್ಲದೆಯೇ, ಬಂಧನಕ್ಕೆ ಕಳುಹಿಸಲಾಗಿತ್ತು. ರಾಜ್ಯದ ಸರ್ವೋಚ್ಚ ನ್ಯಾಯಾಲಯ ಸಾವಿರಾರು ನಿರ್ಣಯಗಳನ್ನು ರದ್ದುಪಡಿಸಿತು.

ಇತರ ದೇಶಗಳಲ್ಲಿ

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿಯೂ ಇದೇ ವೈರುಧ್ಯ ಕಂಡಿದೆ. ಸಂಸದ ಡೇವಿಡ್ ಲ್ಯಾಮಿ ಅವರ 2017ರ ವರದಿಯ ಪ್ರಕಾರ ಬಂಧನದಲ್ಲಿದ್ದ ಮಕ್ಕಳ ಒಟ್ಟು ಸಂಖ್ಯೆ ಇಳಿದ ಹತ್ತು ವರ್ಷಗಳಲ್ಲಿ ಅಲ್ಪಸಂಖ್ಯಾತ ಜನಾಂಗಗಳ ಮಕ್ಕಳ ಪಾಲು ಶೇ. 25ರಿಂದ 41ಕ್ಕೆ ಏರಿತು. ಆಸ್ಟ್ರೇಲಿಯಾದ ಉತ್ತರ ಪ್ರಾಂತ್ಯದ ಡಾನ್ ಡೇಲ್ ಬಂಧನಗೃಹದ ದೃಶ್ಯಗಳು 2016ರಲ್ಲಿ ದೂರದರ್ಶನದಲ್ಲಿ ಪ್ರಸಾರವಾಗಿ ರಾಯಲ್ ಕಮಿಷನ್ ರಚನೆಗೆ ಕಾರಣವಾದವು. ಅಲ್ಲಿಯ ಮಕ್ಕಳಲ್ಲಿ ಬಹುತೇಕರು ಮೂಲನಿವಾಸಿಗಳು.

1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 37ನೆಯ ವಿಧಿಯು ಮಗುವಿನ ಬಂಧನ ಕೊನೆಯ ಉಪಾಯವಾಗಿರಬೇಕು, ಆದಷ್ಟು ಅಲ್ಪಾವಧಿಯದಾಗಿರಬೇಕು ಎನ್ನುತ್ತದೆ. ಭಾರತ 1992ರಲ್ಲಿ ಇದನ್ನು ಒಪ್ಪಿಕೊಂಡಿತು. 2015ರ ಬಾಲನ್ಯಾಯ ಕಾಯಿದೆಯು ಸಂಸ್ಥೆಗಳಲ್ಲಿ ಇರಿಸುವುದು ಕೊನೆಯ ಮಾರ್ಗವೆಂಬುದನ್ನು ತನ್ನ ಮೂಲತತ್ತ್ವಗಳಲ್ಲಿ ಸೇರಿಸಿಕೊಂಡಿದೆ. ಅಮೆರಿಕ ಸಂಯುಕ್ತ ಸಂಸ್ಥಾನವು 1995ರಲ್ಲಿ ಒಡಂಬಡಿಕೆಗೆ ಸಹಿ ಹಾಕಿದೆಯಾದರೂ ಅದನ್ನು ಅನುಮೋದಿಸಿಲ್ಲ.